ಆ ಅರ್ಧ ಅಂಕ ಅವರ ದುಡಿಮೆ

ಶಿವಾಜಿನಗರ, ಬೆಂಗಳೂರು
ಬುಧವಾರ ಸಂಜೆ

ಚಿರಂಜೀವಿ ಪುಟ್ಟನಿಗೆ,

 

ಭಾನುವಾರ ರಾತ್ರಿ ಫೋನಿನಲ್ಲಿ ನೀನು ಸರಿಯಾಗಿ ಮಾತಾಡಲಿಲ್ಲ. ಚೆಸ್ ಟೂರ್ನಿ ಹೇಗಾಯಿತು ಎಂದು ಕೇಳಿದರೆ "ಏನಿಲ್ಲ" ಅಂದೆ. ಮತ್ತೆ ಕೇಳಿದ್ದಕ್ಕೆ, "ಮೊದಲನೇ ರೌಂಡಲ್ಲೇ ಒಬ್ಬರು ಅಂಕಲ್‌ಗೆ ಅರ್ಧ ಪಾಯಿಂಟ್ ಕೊಟ್ಟುಬಿಟ್ಟೆ ದೊಡ್ಡಮ್ಮ, ಅಲ್ಲಿಂದ ಎಲ್ಲಾ ಹಾಳಾಯ್ತು" ಅಂದು ಫೋನನ್ನು ನಿನ್ನಮ್ಮನ ಕೈಗೆ ದಾಟಿಸಿದೆ. ರಾತ್ರಿ ಊಟವನ್ನೂ ಅರ್ಧಕ್ಕೇ ಬಿಟ್ಟು ಎದ್ದೆಯಂತೆ. ಆಮೇಲೆ ಅವಳು ನಿನ್ನ ಸ್ಕೋರ್‌ಶೀಟಿನ ಫೋಟೋ ಕಳಿಸಿದಳು. ಬೋರ್ಡು ಹರಡಿಕೊಂಡು ಕೂತು, 68 ನಡೆಯನ್ನೂ ಒಂದೊಂದಾಗಿ ಆಡಿ ನೋಡಿದೆ. ನೋಡಿದ ಮೇಲೆ ಕಾಗದ ಬರೆಯಲೇಬೇಕು ಅನ್ನಿಸಿತು. ಫೋನಿನಲ್ಲಿ ಹೇಳಿದರೆ ನೀನು ಹೂಂಗುಟ್ಟಿ ಮುಗಿಸುತ್ತೀ. ಕಾಗದವಾದರೆ ಒಂದು ಸಲ ಸಿಟ್ಟಿನಲ್ಲಿ ಓದಿದರೂ ಇನ್ನೊಂದು ಸಲ ಸಮಾಧಾನವಾಗಿ ಓದಬಹುದು.

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನೀನು ಯಾರಿಗೂ ಅರ್ಧ ಪಾಯಿಂಟ್ ಕೊಟ್ಟಿಲ್ಲ. ಅವರು ದುಡಿದು ತೆಗೆದುಕೊಂಡರು. ಎದುರಿಗೆ ಕೂತವರು ದುಡಿದದ್ದು ನಿನ್ನ ಕಣ್ಣಿಗೆ ಕಾಣದೇ ಹೋದರೆ, ನಿನ್ನ ಆಟ ಈಗ ಇರುವಲ್ಲೇ ನಿಂತುಬಿಡುತ್ತದೆ ಎಂಬ ಭಯ ನನ್ನದು.

ಲೆಕ್ಕದ ಟೀಚರ್ ಆಗಿದ್ದವಳು ನಾನು, ಲೆಕ್ಕದಿಂದಲೇ ಶುರು ಮಾಡುತ್ತೇನೆ. ನಿನ್ನ ರೇಟಿಂಗ್ 1880, ಅವರದು 1580. ಅಂತರ 300. ಈ ರೇಟಿಂಗ್ ಪದ್ಧತಿಯನ್ನು ಕಟ್ಟಿದವರು ಅರ್ಪಾದ್ ಎಲೊ. ಹಂಗೆರಿಯಲ್ಲಿ ಹುಟ್ಟಿ, ಅಮೆರಿಕದ ಮಿಲ್ವಾಕಿಯಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ವಿಶ್ವ ಚೆಸ್ ಸಂಸ್ಥೆ ಫಿಡೆ ಅದನ್ನು ಒಪ್ಪಿಕೊಂಡದ್ದು 1970ರಲ್ಲಿ. ಅವರ ಸೂತ್ರದಲ್ಲಿ 300ರ ಅಂತರವೆಂದರೆ ಹೆಚ್ಚು ರೇಟಿಂಗಿನವನಿಗೆ ಒಂದು ಆಟದಲ್ಲಿ ಬರಬೇಕಾದ ನಿರೀಕ್ಷೆಯ ಅಂಕ 0.85. ಅಂದರೆ ನೀವಿಬ್ಬರೂ ನೂರು ಆಟ ಆಡಿದರೆ ನಿನಗೆ 85 ಅಂಕ, ಅವರಿಗೆ 15. ಈ 15 ಅಂಕ ಎಲ್ಲಿಂದ ಬರಬೇಕು ಹೇಳು? ನೂರರಲ್ಲಿ 30 ಆಟ ಡ್ರಾ ಆಗಬೇಕು. ಇಲ್ಲವೆಂದರೆ ಅವರು ಐದಾರು ಗೆದ್ದು ಇಪ್ಪತ್ತರಷ್ಟು ಡ್ರಾ ಮಾಡಬೇಕು. ನೀನು ಯಾವ ನಂಬರನ್ನು ಹಿಡಿದುಕೊಂಡು "ಇದು ಆಗಬಾರದಿತ್ತು" ಎನ್ನುತ್ತಿದ್ದೀಯೋ, ಆ ನಂಬರೇ ಇಂಥ ಡ್ರಾಗಳು ಆಗುತ್ತವೆ ಎಂದು ಮೊದಲೇ ಒಪ್ಪಿಕೊಂಡಿದೆ. ನಿನ್ನ ಹೆಸರಿನ ಮುಂದೆ 1880 ಬರೆದ ದಿನವೇ ಅವರ ಪಾಲೂ ಬರೆದಾಗಿತ್ತು.

ಇನ್ನೊಂದು ಲೆಕ್ಕವಿದೆ, ಅದನ್ನು ನೀನು ಗಮನಿಸಿರಲಾರೆ. ನಿನಗಿನ್ನೂ ಹದಿನೆಂಟಾಗಿಲ್ಲ, ರೇಟಿಂಗ್ 2300ರ ಒಳಗಿದೆ, ಹಾಗಾಗಿ ನಿನ್ನ ಗುಣಕ 40. ಬರಬೇಕಾಗಿದ್ದು 0.85, ಬಂದದ್ದು 0.50. ವ್ಯತ್ಯಾಸ 0.35, ಅದನ್ನು 40ರಿಂದ ಗುಣಿಸಿದರೆ 14. ನಿನ್ನಿಂದ 14 ಹೋಯಿತು. ಅವರು ದೊಡ್ಡವರು, ಎಷ್ಟೋ ವರ್ಷದಿಂದ ಆಡುತ್ತಿರುವವರು, ಅವರ ಗುಣಕ 20. ಅವರಿಗೆ ಸಿಕ್ಕಿದ್ದು 7. ನೀನು ಕಳೆದುಕೊಂಡದ್ದರ ಅರ್ಧ ಮಾತ್ರ. ಚಿಕ್ಕವರ ರೇಟಿಂಗ್ ಬೇಗ ಏರಲಿ, ಬೇಗ ಇಳಿಯಲಿ ಎಂದೇ ಈ ನಿಯಮ ಮಾಡಿದ್ದಾರೆ. ಬೆಳೆಯುವ ವಯಸ್ಸಿನವರ ಶಕ್ತಿ ತಿಂಗಳಿಂದ ತಿಂಗಳಿಗೆ ಬದಲಾಗುತ್ತದಲ್ಲ. ನಿನ್ನ 14 ಎರಡು ಒಳ್ಳೆಯ ಆಟದಲ್ಲಿ ವಾಪಸು ಬರುತ್ತದೆ. ಅವರ 7 ಅವರಿಗೆ ಏನಾಗಿತ್ತು ಎಂಬುದನ್ನು ನಾನು ಮಂಗಳವಾರ ಕಣ್ಣಾರೆ ನೋಡಿದೆ.

ಮಂಗಳವಾರ ಬೆಳಿಗ್ಗೆ ಹಣ್ಣು ತರಲು ರಸೆಲ್ ಮಾರುಕಟ್ಟೆಗೆ ಹೋಗಿದ್ದೆ. ನೀನು ಚಿಕ್ಕವನಿದ್ದಾಗ ನನ್ನ ಸೆರಗು ಹಿಡಿದುಕೊಂಡು ಬಂದಿದ್ದೀ, ಮೀನಿನ ಕಡೆ ಹೋಗುವುದು ಬೇಡವೆಂದು ಮೂಗು ಮುಚ್ಚಿಕೊಳ್ಳುತ್ತಿದ್ದೆ. 1927ರಲ್ಲಿ ಕಟ್ಟಿದ ಕಟ್ಟಡ. ದಂಡು ಪ್ರದೇಶದ ಪುರಸಭೆಯ ಕಮಿಷನರ್ ಆಗಿದ್ದ ಟಿ.ಬಿ. ರಸೆಲ್ ಅವರ ಹೆಸರು. ಉದ್ಘಾಟನೆ ಮಾಡಿದವರು ಇಸ್ಮಾಯಿಲ್ ಸೇಟ್, 1933ರಲ್ಲಿ. ಮುಂಬಾಗಿಲ ಮೇಲಿನ ಗಡಿಯಾರವನ್ನು ದಾಟಿ ಒಳಗೆ ಹೋದರೆ ಹೂವು, ಅದರ ಆಚೆ ಹಣ್ಣು. ಆ ಸಾಲಿನಲ್ಲಿ ನಾನು ಮೊದಲಿಂದಲೂ ಒಬ್ಬರೇ ಸಾಹೇಬರ ಹತ್ತಿರ ಕೊಳ್ಳುವುದು. ಅಂಜೂರವನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು, ತೊಟ್ಟಿನ ಹತ್ತಿರ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ, ಇವತ್ತಿಗಾಗುವುದು ಯಾವುದು, ನಾಳಿದ್ದಿಗಾಗುವುದು ಯಾವುದು ಎಂದು ಬೇರೆ ಮಾಡಿ ಕೊಡುವವರು. ಅವರು ಚೆಸ್ ಆಡುತ್ತಾರೆಂದು ಗೊತ್ತಿತ್ತು, ಟೂರ್ನಿಗೆ ಹೋಗುತ್ತಾರೆಂದು ಗೊತ್ತಿರಲಿಲ್ಲ.

ಹಣ್ಣು ತೂಗಿ ಕೊಟ್ಟವರು ತಕ್ಕಡಿಯ ಪಕ್ಕದ ಗಲ್ಲಾಪೆಟ್ಟಿಗೆ ತೆರೆದು, ನಾಲ್ಕು ಮಡಿಕೆ ಮಾಡಿಟ್ಟಿದ್ದ ಹಳದಿ ಕಾಗದವೊಂದನ್ನು ತೆಗೆದರು. ಸ್ಕೋರ್‌ಶೀಟಿನ ಕಾರ್ಬನ್ ಪ್ರತಿ. "ಟೀಚರಮ್ಮಾ, ಈ ಹೆಸರು ನಿಮ್ಮ ತಂಗಿ ಮಗನದ್ದಲ್ವಾ? ಕೆ.ಆರ್. ಪುರದಲ್ಲಿದ್ದಾನೆ, ಚೆಸ್ ಆಡ್ತಾನೆ ಅಂತ ನೀವು ಹೇಳ್ತಿದ್ರಿ" ಅಂದರು. ಬಿಳಿ ಕಾಯಿಯ ಕಡೆ ನಿನ್ನ ಹೆಸರು, ನಿನ್ನ ರೇಟಿಂಗ್. ಕಪ್ಪಿನ ಕಡೆ ಅವರದು. ನೀನು ಅಂಕಲ್ ಅಂದದ್ದು ಇವರನ್ನೇ ಪುಟ್ಟ. ನೀನು ಈ ಅಂಗಡಿಯ ಹಣ್ಣನ್ನು ಎಷ್ಟೋ ಸಲ ತಿಂದಿದ್ದೀ.

ಅವರು ಹೇಳಿದ ಮೊದಲ ಮಾತು, "ಹುಡುಗ ನನಗಿಂತ ಬಹಳ ಮೇಲೆ. ನಲವತ್ತನೇ ನಡೆವರೆಗೂ ನಾನು ಬರೀ ಒದ್ದಾಡಿದ್ದು." ಡ್ರಾ ಮಾಡಿಕೊಂಡೆ ಎಂಬ ಜಂಬ ಒಂದಿಷ್ಟೂ ಇರಲಿಲ್ಲ. ಆದರೆ ಆ ಕಾಗದವನ್ನು ಅವರು ಬಿಚ್ಚಿದ ರೀತಿ, ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು, ಮಡಿಕೆಗಳು ಹರಿಯದ ಹಾಗೆ ಬಿಡಿಸಿದ್ದು, ಅದನ್ನು ನೀನು ನೋಡಬೇಕಿತ್ತು.

ಈಗ ಆಟದ ಮಾತಿಗೆ ಬರುತ್ತೇನೆ. "ಅವರೇನೂ ಮಾಡಲಿಲ್ಲ, ಸುಮ್ಮನೆ ಆನೆ ಆಚೆ ಈಚೆ ಓಡಿಸ್ತಿದ್ರು" ಎಂದು ನೀನು ಅಮ್ಮನ ಹತ್ತಿರ ಹೇಳಿದೆಯಂತೆ. 47ನೇ ನಡೆಯ ಹೊತ್ತಿಗೆ ಬೋರ್ಡಿನ ಮೇಲೆ ಉಳಿದದ್ದು ಐದೇ ಕಾಯಿ. ನಿನ್ನ ರಾಜ ಡಿ5ರಲ್ಲಿ, ಪದಾತಿ ಇ5ರಲ್ಲಿ, ಆನೆ ಬಿ7ರಲ್ಲಿ. ಅವರ ರಾಜ ಇ8ರಲ್ಲಿ, ಆನೆ ಜಿ6ರಲ್ಲಿ. ನಿನ್ನ ಆನೆ ಏಳನೇ ಸಾಲಿನಲ್ಲಿ ಕೂತು ಅವರ ರಾಜನನ್ನು ಗೋಡೆಗೆ ಒತ್ತಿ ಹಿಡಿದಿದೆ. ನಿನ್ನ ರಾಜ ಒಂದೇ ಒಂದು ಹೆಜ್ಜೆ ಮುಂದೆ, ಆರನೇ ಸಾಲಿಗೆ ಹೋದರೆ ಸಾಕು, ಅವರ ಕಥೆ ಮುಗಿಯಿತು. ಆ ಸಾಲನ್ನೇ ಅವರ ಆನೆ ಕಾಯುತ್ತಿದೆ. ನೀನು ಆನೆಯನ್ನು ಎಲ್ಲಿಟ್ಟರೂ ಅವರು ಆರನೇ ಸಾಲು ಬಿಡಲಿಲ್ಲ. ಜಿ6ರಿಂದ ಎಚ್6, ಎಚ್6ರಿಂದ ಎ6, ಎ6ರಿಂದ ಮತ್ತೆ ಜಿ6. ಬಿ6ಕ್ಕೆ ಮಾತ್ರ ಒಂದು ಸಲವೂ ಹೋಗಲಿಲ್ಲ, ಅಲ್ಲಿ ನಿನ್ನ ಆನೆಗೆ ಸಿಕ್ಕಿಬೀಳುತ್ತಿತ್ತು. ಗಡಿಯಾರದಲ್ಲಿ ಅವರಿಗೆ ಉಳಿದದ್ದು ಎರಡು ನಿಮಿಷ, ಮೇಲೆ ನಡೆಗೊಮ್ಮೆ ಸೇರುವ 30 ಸೆಕೆಂಡು. ಆ 30 ಸೆಕೆಂಡಿನಲ್ಲೇ ಯೋಚಿಸಬೇಕು, ಆಡಬೇಕು, ನಡೆಯನ್ನು ಬರೆಯಲೂಬೇಕು.

60ನೇ ನಡೆಯಲ್ಲಿ ನಿನಗೆ ತಾಳ್ಮೆ ಹೋಯಿತು, ಪದಾತಿಯನ್ನು ಇ6ಕ್ಕೆ ತಳ್ಳಿದೆ. ಆ ಕ್ಷಣಕ್ಕಾಗಿಯೇ ಅವರು ಹದಿಮೂರು ನಡೆ ಕಾದಿದ್ದು. ಪದಾತಿ ಆರನೇ ಸಾಲಿಗೆ ಹೋದ ಮೇಲೆ ನಿನ್ನ ರಾಜನಿಗೆ ಅದರ ಮುಂದೆ ನಿಂತು ತಲೆಮರೆಸಿಕೊಳ್ಳಲು ಜಾಗವಿಲ್ಲ. ಅವರ ಆನೆ ಕೂಡಲೇ ಜಿ6ರಿಂದ ನೆಟ್ಟಗೆ ಜಿ1ಕ್ಕೆ ಇಳಿಯಿತು. ನೀನು ಡಿ6ಕ್ಕೆ ರಾಜನನ್ನು ಇಟ್ಟು ಮುಂದಿನ ನಡೆಗೇ ಮೇಟ್ ಎಂದುಕೊಂಡೆ, ಡಿ1ರಿಂದ ಚೆಕ್. ಇ5ಕ್ಕೆ ಬಂದೆ, ಇ1ರಿಂದ ಚೆಕ್. ಎಫ್6, ಎಫ್1ರಿಂದ ಚೆಕ್. ಹಿಂದಿನಿಂದ ಬರುವ ಆ ಚೆಕ್‌ಗಳಿಂದ ತಪ್ಪಿಸಿಕೊಳ್ಳಬೇಕೆಂದರೆ ಪದಾತಿಯ ಕೈಬಿಟ್ಟು ಬರಬೇಕು. 68ರಲ್ಲಿ ನೀನೇ ಡ್ರಾ ಕೇಳಿದೆ.

ಈ ಕಾವಲಿಗೆ ಫಿಲಿಡೋರ್ ಸ್ಥಿತಿ ಎನ್ನುತ್ತಾರೆ, ನಿನ್ನ ಕೋಚ್ ಹೇಳಿಕೊಟ್ಟಿರಬೇಕು. ಹದಿನೆಂಟನೇ ಶತಮಾನದ ಫ್ರೆಂಚ್ ಸಂಗೀತಗಾರ ಫಿಲಿಡೋರ್ ತನ್ನ ಪುಸ್ತಕದಲ್ಲಿ ತೋರಿಸಿದ್ದು. ಒಪೆರಾ ಬರೆದು ಹೆಸರು ಮಾಡಿದವನು, ಚೆಸ್ಸಿನಲ್ಲಿ ತನ್ನ ಕಾಲದ ಅತ್ಯುತ್ತಮ ಆಟಗಾರ. ಹಣ್ಣಿನ ಸಾಹೇಬರಿಗೆ ಇದು ಹೇಗೆ ಗೊತ್ತು ಎಂದು ಕೇಳಿದೆ. 2012ರ ಫೆಬ್ರುವರಿಯಲ್ಲಿ ಮಾರುಕಟ್ಟೆಗೆ ಬೆಂಕಿ ಬಿದ್ದದ್ದು ನಿನಗೆ ಗೊತ್ತಿಲ್ಲ, ನೀನು ಆಗ ಕೈಗೂಸು. ಅವರ ಅಂಗಡಿಯೂ ಸುಟ್ಟಿತು. ಮತ್ತೆ ಸರಕು ಹಾಕಲು ಕೈಯಲ್ಲಿ ಕಾಸಿಲ್ಲದ ದಿನಗಳಲ್ಲಿ ಅವರು ಚರ್ಚ್ ಸ್ಟ್ರೀಟಿಗೆ ನಡೆದುಹೋಗಿ ಹಳೆಯ ಪುಸ್ತಕದ ಅಂಗಡಿಯೊಂದರಲ್ಲಿ ಆನೆಗಳ ಕೊನೆಯಾಟದ ಪುಸ್ತಕ ಕೊಂಡರಂತೆ. "ಇಂಗ್ಲಿಷ್ ಅಷ್ಟು ಬರಲ್ಲ, ಚಿತ್ರ ನೋಡ್ಕೊಂಡು ಕಲಿತೆ. ಓಪನಿಂಗ್ ಪುಸ್ತಕ ವರ್ಷಕ್ಕೊಂದು ಹಳೇದಾಗುತ್ತೆ ಟೀಚರಮ್ಮಾ, ಇದು ಆಗಲ್ಲ" ಅಂದರು. ಅವತ್ತು ಕಲಿತದ್ದು ನಿನ್ನೆದುರು ಕೆಲಸಕ್ಕೆ ಬಂತು. ನೀನು ಮಗ್ಗುಲಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಕಲಿಯುತ್ತಿರುವ ಓಪನಿಂಗುಗಳಿಗಿಂತ ಈ ಒಂದು ಪಾಠ ಕಡಿಮೆ ದುಡಿಮೆಯದೇ ಹೇಳು.

ಅರ್ಧ ಅಂಕವೆಂದರೆ ನಿನಗೆ ತಾತ್ಸಾರ. ಆ ಅರ್ಧ ಸಿಗುವುದಕ್ಕೂ ಆಟಗಾರರು ಬಹಳ ಕಾಲ ಕಾಯಬೇಕಾಯಿತು. 1867ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ದೊಡ್ಡ ಟೂರ್ನಿಯಲ್ಲಿ ಡ್ರಾ ಆದರೆ ಇಬ್ಬರಿಗೂ ಸೊನ್ನೆ. ನಾಲ್ಕೈದು ಗಂಟೆ ಸಮಸಮ ಹೋರಾಡಿದವರಿಗೂ, ಬರದೇ ಇದ್ದವರಿಗೂ ಒಂದೇ ಫಲ. ಬೇರೆ ಕಡೆ ಡ್ರಾ ಆದ ಆಟವನ್ನು ಯಾರಾದರೂ ಗೆಲ್ಲುವ ತನಕ ಮತ್ತೆ ಆಡಿಸುತ್ತಿದ್ದರು. ಅದೇ ವರ್ಷ ಸ್ಕಾಟ್ಲೆಂಡಿನ ಡಂಡಿ ಊರಿನ ಟೂರ್ನಿಯಲ್ಲಿ ಡ್ರಾಕ್ಕೆ ಅರ್ಧ ಅಂಕವೆಂದು ಲೆಕ್ಕ ಹಿಡಿದರು. ನನಗೆ ಡಂಡಿಯ ಆ ಜನರ ಮೇಲೆ ತುಂಬ ಗೌರವ. ಗೆಲ್ಲದಿದ್ದರೂ ಸೋಲದೆ ನಿಂತವನ ಕೆಲಸಕ್ಕೆ ಒಂದು ಬೆಲೆ ಇದೆ ಎಂದು ಅವರು ಅಂಕಪಟ್ಟಿಯಲ್ಲೇ ಬರೆದರು. ಶನಿವಾರ ನಿನಗೂ ಸಾಹೇಬರಿಗೂ ಸಿಕ್ಕಿದ್ದು ಆ ಬೆಲೆ.

ಡ್ರಾ ಅಂದರೆ ಸಪ್ಪೆ ಎಂದು ಎಲ್ಲ ಹುಡುಗರೂ ಹೇಳುತ್ತಾರೆ. ನಿನಗೊಂದು ಆಟ ಹೇಳುತ್ತೇನೆ, ಆಡಿ ನೋಡು. 1872, ವಿಯೆನ್ನಾ. ಬಿಳಿ ಕಾಯಿ ಕಾರ್ಲ್ ಹಾಂಪೆ, ಕಪ್ಪು ಫಿಲಿಪ್ ಮೈಟ್ನರ್ ಎಂಬ ವಕೀಲ. ಮೂರನೇ ನಡೆಯಲ್ಲೇ ಮೈಟ್ನರ್ ಒಂಟೆಯನ್ನು ಎಫ್2ರಲ್ಲಿ ಬಲಿಕೊಟ್ಟು ರಾಜನನ್ನು ಹೊರಗೆಳೆದ. ಒಂಬತ್ತನೇ ನಡೆಯಲ್ಲಿ ಮಂತ್ರಿಯನ್ನೇ ಕೊಟ್ಟ. ಬಿಳಿಯ ರಾಜ ತನ್ನ ಮನೆ ಬಿಟ್ಟು ಎ4, ಬಿ4, ಸಿ5 ಎಂದು ಶತ್ರುವಿನ ಕಾಯಿಗಳ ನಡುವೆ ಅಲೆದಾಡಿ ಸಿ6ಕ್ಕೆ ಬಂದು ನಿಂತ. ಆಗ ಕಪ್ಪಿನ ಒಂಟೆ ಬಿ7ರಿಂದ ಚೆಕ್ ಕೊಡುತ್ತದೆ. ರಾಜ ಆ ಒಂಟೆಯನ್ನು ಹೊಡೆದರೆ ನಾಲ್ಕು ನಡೆಯೊಳಗೆ ಅವನಿಗೆ ಮೇಟ್. ಹೊಡೆಯದೆ ಬಿ5ಕ್ಕೆ ಹೋದರೆ ಎ6ರಿಂದ ಚೆಕ್, ಮತ್ತೆ ಸಿ6, ಮತ್ತೆ ಬಿ7ರಿಂದ ಚೆಕ್. ಹದಿನೆಂಟೇ ನಡೆ, ಇಬ್ಬರೂ ಕೈ ಕುಲುಕಿದರು. ನೂರೈವತ್ತು ವರ್ಷ ಕಳೆದರೂ ಆ ಡ್ರಾವನ್ನು ಜನ ಆಡಿ ನೋಡುತ್ತಿದ್ದಾರೆ. ಗೆದ್ದ ಎಷ್ಟೋ ಆಟಗಳ ಹೆಸರೇ ಉಳಿದಿಲ್ಲ. ಆ ವಕೀಲರ ಮಗಳೇ ಲೀಸೆ ಮೈಟ್ನರ್, ಪರಮಾಣು ಬೀಜ ಒಡೆಯುವುದನ್ನು ಲೆಕ್ಕ ಹಾಕಿ ವಿವರಿಸಿದ ಭೌತವಿಜ್ಞಾನಿ. ನಾನು ತರಗತಿಯಲ್ಲಿ ಅವರ ಹೆಸರು ಬಂದಾಗಲೆಲ್ಲ ಅಪ್ಪನ ಈ ಆಟದ ಕಥೆಯನ್ನೂ ಹೇಳುತ್ತಿದ್ದೆ.

ನಿನಗಿಂತ ಎಷ್ಟೋ ಮೇಲಿನವರಿಗೂ ಕಡಿಮೆ ರೇಟಿಂಗಿನವರ ಜೊತೆ ಡ್ರಾ ಆಗಿದೆ. 2004ರ ಮಾರ್ಚಿನಲ್ಲಿ ರೇಕ್ಯಾವಿಕ್‌ನ ರ್‍ಯಾಪಿಡ್ ಟೂರ್ನಿಯಲ್ಲಿ ಗ್ಯಾರಿ ಕಾಸ್ಪರೋವ್ ಎದುರಿಗೆ ಕೂತಿದ್ದವನು 13 ವರ್ಷದ ಮ್ಯಾಗ್ನಸ್ ಕಾರ್ಲ್‌ಸನ್. ಇಬ್ಬರ ರೇಟಿಂಗಿನ ಅಂತರ ನಿಮ್ಮಿಬ್ಬರ ಅಂತರಕ್ಕಿಂತ ದೊಡ್ಡದು, 350ರ ಹತ್ತಿರ. ಮೊದಲ ಆಟ ಡ್ರಾ. ಹುಡುಗನೇ ಒಳ್ಳೆಯ ಸ್ಥಿತಿಯಲ್ಲಿದ್ದ, ಕಾಸ್ಪರೋವ್ ತಪ್ಪಿಸಿಕೊಂಡದ್ದು ದೊಡ್ಡದು. ಆದರೆ ಅವರು ಎರಡನೇ ಆಟಕ್ಕೆ ಕೂತರು, ಗೆದ್ದರು, ಮುಂದಿನ ಸುತ್ತಿಗೆ ಹೋದರು.

ಪುಟ್ಟ, ನನ್ನ ಚಿಂತೆ ಇರುವುದು ನಿನ್ನ ಎರಡನೇ ಸುತ್ತಿನ ಮೇಲೆ. ಮೊದಲ ಸುತ್ತಿನ ಡ್ರಾ ಅರ್ಧ ಅಂಕ ಕಳೆಯಿತು, ಎರಡನೆಯದು ಪೂರ್ತಿ ಒಂದು ಅಂಕ ಕಳೆಯಿತು. ಆ ಸ್ಕೋರ್‌ಶೀಟೂ ನನ್ನ ಮುಂದಿದೆ. 22 ನಡೆಯಲ್ಲಿ ಸೋತಿದ್ದೀ, ನಿನ್ನ ಗಡಿಯಾರದಲ್ಲಿ ಇನ್ನೂ 71 ನಿಮಿಷ ಉಳಿದಿತ್ತು. ಅಷ್ಟು ಹೊತ್ತು ಕೈಯಲ್ಲಿದ್ದೂ ಯೋಚಿಸದೆ ಆಡಿದೆ. ನೀನು ಆ ಬೋರ್ಡಿನ ಮುಂದೆ ಇರಲೇ ಇಲ್ಲ, ಹಿಂದಿನ ಬೋರ್ಡಿನ ಹತ್ತಿರವೇ ಇದ್ದೆ. ಇಂಥ ಹಿನ್ನಡೆಯಿಂದ ಚೇತರಿಸಿಕೊಳ್ಳಲು ಸ್ವಿಸ್ ಪದ್ಧತಿಯ ಟೂರ್ನಿ ತುಂಬ ಒಳ್ಳೆಯದು, ತಿಳಿದುಕೋ. 1895ರಲ್ಲಿ ಜ್ಯೂರಿಕ್‌ನಲ್ಲಿ ಶುರುವಾದ ಈ ಪದ್ಧತಿಯಲ್ಲಿ ಸೋತವರನ್ನು ಮನೆಗೆ ಕಳಿಸುವುದಿಲ್ಲ. ಮೊದಲ ಸುತ್ತಿನಲ್ಲಿ ರೇಟಿಂಗ್ ಪಟ್ಟಿಯ ಮೇಲಿನ ಅರ್ಧದವರಿಗೂ ಕೆಳಗಿನ ಅರ್ಧದವರಿಗೂ ಜೋಡಿ ಹಾಕುತ್ತಾರೆ, ಹಾಗಾಗಿಯೇ 1880ಕ್ಕೂ 1580ಕ್ಕೂ ಗಂಟು ಬಿತ್ತು. ಎರಡನೇ ಸುತ್ತಿನಿಂದ ಸಮ ಅಂಕದವರಿಗೆ ಸಮ ಅಂಕದವರು. ಡ್ರಾ ಮಾಡಿಕೊಂಡವನಿಗೆ ಡ್ರಾ ಮಾಡಿಕೊಂಡವನು. ಐದು ಸುತ್ತಿನ ಟೂರ್ನಿಯಲ್ಲಿ ನಾಲ್ಕು ಸುತ್ತು ನಿನಗಾಗಿ ಕಾದಿತ್ತು.

ಇನ್ನು ಆಟದ ಒಳಗಿನ ಮಾತು, ಇದೇ ಮುಖ್ಯ. ನೀನು ಗೆಲುವನ್ನು ಕಳೆದುಕೊಂಡದ್ದು ಆನೆಗಳ ಕೊನೆಯಾಟದಲ್ಲಿ ಎಂದು ತಿಳಿದಿದ್ದೀ. ಅಲ್ಲಿ ಗೆಲುವು ಇರಲೇ ಇಲ್ಲ. ನಾನು ಮೂರು ಸಲ ನೋಡಿದರೂ ಎಲ್ಲಿ ಕಳೆಯಿತೆಂದು ನನಗೆ ಹೊಳೆದಿರಲಿಲ್ಲ. ತೋರಿಸಿದವರು ಸಾಹೇಬರು. ಹಣ್ಣಿನ ಬುಟ್ಟಿಗಳನ್ನು ಸರಿಸಿ, ಹಲಗೆಯ ಮೇಲೆ ಒಂದು ಪುಟ್ಟ ಮಡಿಸುವ ಬೋರ್ಡಿಟ್ಟು, 31ನೇ ನಡೆಯ ಸ್ಥಿತಿಯನ್ನು ನೆನಪಿನಿಂದಲೇ ಜೋಡಿಸಿದರು. ನಡುನಡುವೆ ಗಿರಾಕಿಗಳು ಬಂದರು. ತೂಗಿ ಕೊಟ್ಟು, ಚಿಲ್ಲರೆ ಎಣಿಸಿ, ಮತ್ತೆ ಬೋರ್ಡಿಗೆ ಬಗ್ಗುತ್ತಿದ್ದರು. ಆಗ ನಿನಗೆ ಒಂದು ಪದಾತಿ ಹೆಚ್ಚು. ಇಬ್ಬರಿಗೂ ಒಂದೊಂದು ಆನೆ, ಒಂದೊಂದು ಕುದುರೆ. ಬಲ ಹೆಚ್ಚಿರುವವನು ಕಾಯಿಗಳನ್ನು ಬದಲಾಯಿಸಿಕೊಂಡು ಆಟ ಸರಳ ಮಾಡಬೇಕು ಎಂಬ ಪಾಠ ನಿನಗೆ ಗೊತ್ತು. ಹಾಗೇ ಕುದುರೆಗೆ ಕುದುರೆ ಬದಲಾಯಿಸಿದೆ. "ಇವನು ಆನೆಗೆ ಆನೆ ಬದಲಾಯಿಸಿ ಕುದುರೆ ಇಟ್ಕೊಂಡಿದ್ರೆ ನಾನು ಮುಗೀತಿದ್ದೆ" ಅಂದರು ಸಾಹೇಬರು. ಅವರು ಹೇಳಿದ್ದು ನಿಜ. ಒಂದು ಪದಾತಿ ಹೆಚ್ಚಿರುವ ಕುದುರೆಗಳ ಕೊನೆಯಾಟ ಬರೀ ಪದಾತಿಗಳ ಕೊನೆಯಾಟದ ಹಾಗೆಯೇ, ಬಹಳ ಸಲ ಗೆದ್ದುಬಿಡಬಹುದು. ಆನೆಗಳ ಕೊನೆಯಾಟದಲ್ಲಿ ಒಂದೇ ಪದಾತಿ ಹೆಚ್ಚಿದ್ದರೆ ಬಹಳ ಸಲ ಸಾಲದು. ಆನೆ ದೂರದಿಂದ ಚೆಕ್ ಕೊಟ್ಟು ಕೊಟ್ಟು ಉಳಿಸಿಕೊಳ್ಳುತ್ತದೆ. ಹಾಗಾಗಿ ಯಾವ ಕಾಯಿ ಹೋಗಬೇಕು, ಯಾವುದು ಉಳಿಯಬೇಕು ಎಂಬುದರಲ್ಲೇ ಆಟ ತೀರ್ಮಾನವಾಯಿತು.

ನಿನ್ನ ಸ್ಕೋರ್‌ಶೀಟಿನಲ್ಲಿ ಪ್ರತಿ ನಡೆಯ ಪಕ್ಕ ಉಳಿದ ಸಮಯ ಬರೆದಿದ್ದೀ, ಒಳ್ಳೆಯ ಅಭ್ಯಾಸ. 31ನೇ ನಡೆಗೆ ನೀನು ತೆಗೆದುಕೊಂಡದ್ದು ಒಂದು ನಿಮಿಷಕ್ಕೂ ಕಡಿಮೆ. ಓಪನಿಂಗಿನ ಎಂಟನೇ ನಡೆಗೆ ಒಂಬತ್ತು ನಿಮಿಷ ಕೂತಿದ್ದೆ. ಅಷ್ಟು ಬೇಗ ಯಾಕೆ ಆಡಿದೆ? ಎದುರಿಗೆ 1980 ರೇಟಿಂಗಿನವರು ಕೂತಿದ್ದರೆ ಆಡುತ್ತಿದ್ದೆಯಾ? ಇವರೆದುರು ಯಾವ ಕೊನೆಯಾಟವಾದರೂ ಗೆಲ್ಲುತ್ತೇನೆ ಎಂದು ನಿನಗೆ ಅನ್ನಿಸಿತ್ತು ಕಂದ. ನೀನು ನೋಡಿದ್ದು ಅವರ ರೇಟಿಂಗನ್ನು. ಅವರು ನೋಡಿದ್ದು ಬೋರ್ಡನ್ನು. ಶನಿವಾರದ ಇಡೀ ಆಟದಲ್ಲಿ ನಿಮ್ಮಿಬ್ಬರ ನಡುವೆ ನನಗೆ ಕಂಡ ವ್ಯತ್ಯಾಸ ಇಷ್ಟೇ.

ಹಾಗೆಂದು ಡ್ರಾ ಆಗುವ ಸ್ಥಿತಿ ಕೈಗೆ ಬಂದರೆ ಡ್ರಾ ತಾನಾಗಿ ಆಗುವುದಿಲ್ಲ. 2024ರ ಡಿಸೆಂಬರ್ 12, ಸಿಂಗಪುರ. ನಾವಿಬ್ಬರೂ ಫೋನಿನಲ್ಲೇ ಕೂಗಾಡಿಕೊಂಡು ನೋಡಿದ್ದು ನೆನಪಿದೆಯಲ್ಲ? ವಿಶ್ವ ಚಾಂಪಿಯನ್‌ಷಿಪ್ಪಿನ ಹದಿನಾಲ್ಕನೇ ಆಟ. ಡಿಂಗ್ ಲಿರೆನ್‌ಗೆ ಒಂದು ಪದಾತಿ ಕಡಿಮೆ ಇತ್ತು, ಆದರೂ ಸ್ಥಿತಿ ಡ್ರಾ. ಕಾಮೆಂಟರಿಯವರೆಲ್ಲ ಮರುದಿನದ ಟೈಬ್ರೇಕ್ ಮಾತಾಡುತ್ತಿದ್ದರು. ಆದರೂ ಗುಕೇಶ್ ಆಡುತ್ತಲೇ ಹೋದ. 55ನೇ ನಡೆಯಲ್ಲಿ ಡಿಂಗ್ ಆನೆಯನ್ನು ಎಫ್2ಕ್ಕೆ ಇಟ್ಟರು. ಆನೆಯೂ ಹೋಗಿ ಒಂಟೆಯೂ ಹೋಗಿ ಬರೀ ಪದಾತಿಗಳ ಆಟ ಉಳಿಯಿತು, 18 ವರ್ಷದ ಹುಡುಗ ವಿಶ್ವ ಚಾಂಪಿಯನ್ ಆದ. ಡಿಂಗ್‌ಗೆ ತಪ್ಪಿಹೋದ ಆ ಎಚ್ಚರವನ್ನು ನಮ್ಮ ಹಣ್ಣಿನ ಸಾಹೇಬರು ಹದಿಮೂರು ನಡೆ, ಆಮೇಲೆ ಇನ್ನೆಂಟು ನಡೆ ಹಿಡಿದಿಟ್ಟುಕೊಂಡರು. ನೀನು ಅಷ್ಟು ಹೊತ್ತು ಆಡಿದ್ದನ್ನು ನಾನು ತಪ್ಪೆನ್ನುವುದಿಲ್ಲ. ಗುಕೇಶ್ ಹಾಗೆ ಆಡದಿದ್ದರೆ ಅವತ್ತು ಚಾಂಪಿಯನ್ ಆಗುತ್ತಿರಲಿಲ್ಲ. ಪ್ರಯತ್ನ ಮಾಡಿದೆ, ಅವರು ತಪ್ಪಲಿಲ್ಲ. ಮುಗಿಯಿತು.

ನಿನ್ನ ಕನಸು ನನಗೆ ಗೊತ್ತು. ನಿನ್ನ ಕೋಣೆಯ ಗೋಡೆಯ ಮೇಲೆ ಮೈಸೂರಿನ ತೇಜ್‌ಕುಮಾರ್ ಅವರ ಚಿತ್ರ ಅಂಟಿಸಿದ್ದೀ. ರೈಲ್ವೆ ಕೆಲಸ ಮಾಡಿಕೊಂಡೇ ಆಡಿ, 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದವರು. ಎರಡು ವರ್ಷದ ಮೇಲೆ ಮೈಸೂರಿನವರೇ ಆದ ಗಿರೀಶ್ ಕೌಶಿಕ್, 2022ರಲ್ಲಿ ನಮ್ಮ ಬೆಂಗಳೂರಿನ ಪ್ರಣವ್ ಆನಂದ್. ತೇಜ್‌ಕುಮಾರ್ ಅವರಿಗೆ ಆ ಪಟ್ಟ ಸಿಕ್ಕಾಗ ವಯಸ್ಸು ಮೂವತ್ತೈದು ದಾಟಿತ್ತು. ಗ್ರ್ಯಾಂಡ್‌ಮಾಸ್ಟರ್ ನಾರ್ಮ್ ಎಂದರೆ ಸಾಮಾನ್ಯವಾಗಿ ಒಂಬತ್ತು ಆಟದಲ್ಲಿ 2600ರ ಮಟ್ಟದ ಆಟ. ಅಂಥ ನಾರ್ಮ್ ಅರ್ಧ ಅಂಕದಲ್ಲಿ ಕೈಗೆ ಬರುವುದೂ ಉಂಟು, ಅರ್ಧ ಅಂಕದಲ್ಲಿ ಕೈತಪ್ಪುವುದೂ ಉಂಟು. ಆ ದಾರಿಯಲ್ಲಿ ನಡೆದ ಯಾರಿಗೂ ಚಿಕ್ಕ ರೇಟಿಂಗಿನವರ ಜೊತೆಗಿನ ಡ್ರಾ ತಪ್ಪಿದ್ದಲ್ಲ. ನಿನಗೆ ಹದಿನಾಲ್ಕು. ಮುಂದೆ ಇಂಥ ನೂರು ಡ್ರಾಗಳಿವೆ, ಪ್ರತಿ ಸಲವೂ ಊಟ ಬಿಟ್ಟರೆ ಹೇಗೆ?

ಒಂದು ವಿಷಯ ಮಾತ್ರ ನನ್ನ ಮನಸ್ಸಿಗೆ ನೋವು ತಂದಿತು, ಅದನ್ನೂ ಮುಚ್ಚಿಡುವುದಿಲ್ಲ. ಸಾಹೇಬರು ತಾವಾಗಿ ಹೇಳಲಿಲ್ಲ, ನಾನೇ ಕೇಳಿದೆ: ಆಟ ಮುಗಿದ ಮೇಲೆ ಹುಡುಗ ಏನಂದ? ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಚಿಕ್ಕವನು, ಬೇಜಾರಾಗಿತ್ತು ಪಾಪ" ಅಂದರು. ಅಂದರೆ ನೀನು ಮುಖ ನೋಡದೆ ಕೈ ಕೊಟ್ಟು ಎದ್ದು ಹೋಗಿದ್ದೀ. ಅವರಿಗೆ ನಿನ್ನ ಜೊತೆ ಕೂತು ಆಟ ನೋಡಬೇಕೆಂದಿತ್ತು. 31ನೇ ನಡೆಯನ್ನು ಅವರು ಅವತ್ತೇ ಕಂಡಿದ್ದರು, ನಿನಗೆ ತೋರಿಸಬೇಕೆಂದಿದ್ದರು. ಮೂರು ದಿನದಿಂದ ಆ ಕಾಗದವನ್ನು ಗಲ್ಲಾಪೆಟ್ಟಿಗೆಯಲ್ಲಿ ಇಟ್ಟುಕೊಂಡಿರುವುದು ಏಳು ಪಾಯಿಂಟಿನ ಸಂತೋಷಕ್ಕೆ ಮಾತ್ರ ಅಲ್ಲ. ನಿನ್ನ ಆಟ ಅವರ ತಲೆಯಲ್ಲಿ ಇನ್ನೂ ಮುಗಿದಿಲ್ಲ. ನಿನ್ನ ಆಟವನ್ನು ಇಷ್ಟು ಗಂಭೀರವಾಗಿ ತೆಗೆದುಕೊಳ್ಳುವವರು ಸಿಕ್ಕಿದ್ದು ನಿನ್ನ ಪುಣ್ಯ.

ಈ ಶನಿವಾರ ನಿನಗೆ ಶಾಲೆಗೆ ರಜ ಎಂದು ಅಮ್ಮ ಹೇಳಿದಳು. ಕೆ.ಆರ್. ಪುರದಲ್ಲಿ ಮೆಟ್ರೋ ಹತ್ತಿ ಎಂ.ಜಿ. ರಸ್ತೆಯಲ್ಲಿ ಇಳಿ, ಕಾಮರಾಜ ರಸ್ತೆ ಹಿಡಿದು ಕಮರ್ಷಿಯಲ್ ಸ್ಟ್ರೀಟ್ ದಾಟಿ ನಡೆದು ಬಾ; ದಾರಿ ಗೊತ್ತಾಗದಿದ್ದರೆ ಯಾರನ್ನು ಕೇಳಿದರೂ ಹೇಳುತ್ತಾರೆ. ಬೆಳಗಿನ ವ್ಯಾಪಾರದ ಗಡಿಬಿಡಿ ಹನ್ನೊಂದರ ಹೊತ್ತಿಗೆ ತಗ್ಗುತ್ತದೆ, ಆಗ ಬರಲು ಹೇಳಿ ಎಂದಿದ್ದಾರೆ. ನಾನು ಮುಂಬಾಗಿಲ ಹತ್ತಿರ ನಿಂತಿರುತ್ತೇನೆ. ಎರಡೂ ಸುತ್ತಿನ ಸ್ಕೋರ್‌ಶೀಟು ತೆಗೆದುಕೊಂಡು ಬಾ. 31ನೇ ನಡೆಯಿಂದ ಕುದುರೆ ಉಳಿಸಿಕೊಂಡು ಅವರೆದುರು ಆಡಿ ನೋಡು, ಗೆಲ್ಲುತ್ತೀಯಾ ನೋಡೋಣ. ಅವರಿಗೂ ಅದೇ ಆಸೆ. ಬಂದ ಕೂಡಲೇ ಸಲಾಂ ಹೇಳು, ಅಂಕಲ್ ಎನ್ನದೆ ಸಾಹೇಬರೇ ಎನ್ನು. ಇಲ್ಲಿ ಎಲ್ಲರೂ ಹಾಗೇ ಕರೆಯುವುದು.

ಮಧ್ಯಾಹ್ನ ನಮ್ಮ ಮನೆಯಲ್ಲೇ ಊಟ. ನಿನಗಿಷ್ಟವೆಂದು ಹುರುಳಿಕಾಳಿನ ಬಸ್ಸಾರು ಮಾಡಿರುತ್ತೇನೆ. ಅಮ್ಮನಿಗೆ ಹೇಳಿ ಬಾ.

ಇಂತು ನಿನ್ನ ಪ್ರೀತಿಯ
ದೊಡ್ಡಮ್ಮ